ಓಡುತ್ತಿರುವ ಪ್ರೋಗ್ರಾಮನ್ನು ಕಣ್ಣಾರೆ ನೋಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚಿಕ್ಕಮಗಳೂರಿನಲ್ಲಿದ್ದುಕೊಂಡು ಕಾಫಿ ಖರೀದಿ, ತೂಕ, ಬಿಲ್ಲಿನ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಬಿಡುವಾದಾಗ ಇಲ್ಲಿನ ಮತ್ತು ಹಾಸನದ ಇಂಜಿನಿಯರಿಂಗ್ ಮಕ್ಕಳ ಜೊತೆ ಕೂತು ಪ್ರೋಗ್ರಾಂ ಓಡುವಾಗ ಒಳಗೆ ಏನಾಗುತ್ತದೆ ಅನ್ನುವುದನ್ನು ಚಿತ್ರವಾಗಿ ನೋಡುವ ಅಭ್ಯಾಸ ಮಾಡಿಸುತ್ತೇನೆ. ಆ ಮಕ್ಕಳು, ಜೊತೆಯಲ್ಲಿ ಕೆಲಸ ಮಾಡುವವರು, ಪತ್ರ ಬರೆದವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದದ್ದನ್ನು ಮಾತ್ರ ಓದಿದರೂ ಅರ್ಥವಾಗುತ್ತದೆ.

## ಶುರುವಿನಲ್ಲಿ ಕೇಳುವುದು

ಕೋಡ್ ಕಣ್ಣ ಮುಂದೇ ಇದೆಯಲ್ಲ ಮೇಡಂ, ಅದನ್ನ ಓದಿದ್ರೆ ಸಾಲದಾ? ಚಿತ್ರ ಯಾಕೆ?

ಏನೇನು ಆಗಬಹುದು ಅನ್ನುವುದನ್ನು ಕೋಡ್ ಹೇಳುತ್ತದೆ. ಇವತ್ತು ಬೆಳಿಗ್ಗೆ ಹತ್ತೂವರೆಗೆ ಏನಾಯಿತು ಅನ್ನುವುದು ಅದರಲ್ಲಿ ಇರುವುದಿಲ್ಲ. ಒಂದು ಇಫ್ (ಹೀಗಿದ್ದರೆ ಹೀಗೆ ಅನ್ನುವ ಷರತ್ತು) ಇದ್ದರೆ ಎರಡು ದಾರಿ. ಒಂದರ ಹಿಂದೆ ಒಂದು 20 ಇಫ್ ಇದ್ದರೆ 10 ಲಕ್ಷಕ್ಕೂ ಜಾಸ್ತಿ ದಾರಿ. ಅದರಲ್ಲಿ ನಿಮ್ಮ ಗ್ರಾಹಕರು ಹೋದದ್ದು ಒಂದೇ ದಾರಿಯಲ್ಲಿ. ಯಾವುದು ಅಂತ ಬರೀ ಓದಿ ಹೇಳಲು ಆಗುವುದಿಲ್ಲ.

ಇನ್ನೊಂದು ಸಂಗತಿ ಸಮಯ. ಪಕ್ಕಪಕ್ಕದ ಎರಡು ಸಾಲು ನೋಡಿ. ಮೊದಲನೆಯದು ಎರಡು ಸಂಖ್ಯೆ ಕೂಡಿಸುತ್ತದೆ, ನ್ಯಾನೋಸೆಕೆಂಡಿನಲ್ಲಿ ಮುಗಿಯುತ್ತದೆ. ಎರಡನೆಯದು ಬೆಂಗಳೂರಿನ ಸರ್ವರ್ ತನಕ ಹೋಗಿ ಬರುತ್ತದೆ, ಅದಕ್ಕೆ ಹತ್ತಾರು ಮಿಲಿಸೆಕೆಂಡು ಬೇಕು. ಪರದೆಯ ಮೇಲೆ ಎರಡೂ ಒಂದೇ ಉದ್ದ ಕಾಣುತ್ತವೆ. ಓಡುವಾಗಿನ ಚಿತ್ರದಲ್ಲಿ ಮೊದಲನೆಯದು ಕಣ್ಣಿಗೇ ಬೀಳುವುದಿಲ್ಲ, ಎರಡನೆಯದು ಪರದೆ ತುಂಬ ಹರಡಿಕೊಂಡಿರುತ್ತದೆ.

ಆಫೀಸಿನ ಗೋಡೆ ಮೇಲೆ ಆರ್ಕಿಟೆಕ್ಚರ್ ಡಯಾಗ್ರಾಂ ಇದೆ. ಅದೇ ಸಾಕಲ್ವಾ?

ಅದು ದಾರಿಯ ನಕ್ಷೆ. ನಕ್ಷೆಯಲ್ಲಿ ಚಾರ್ಮಾಡಿ ಘಾಟಿ ವರ್ಷವಿಡೀ ತೆರೆದೇ ಇರುತ್ತದೆ. 2019ರ ಆಗಸ್ಟ್ ಮಳೆಗೆ ಗುಡ್ಡ ಕುಸಿದು ಆ ದಾರಿ ಮುಚ್ಚಿಹೋಗಿತ್ತು. ನಕ್ಷೆ ನೋಡಿಕೊಂಡು ಹೊರಟವರಿಗೆ ಅದು ಗೊತ್ತಾಗುವಂತಿರಲಿಲ್ಲ.

ಗೋಡೆಯ ಚಿತ್ರದಲ್ಲಿ ಇನ್ನೊಂದು ತೊಂದರೆಯೂ ಇದೆ. ವ್ಯವಸ್ಥೆ ಹೀಗಿದೆ ಅಂತ ನಾವು ನಂಬಿದ್ದನ್ನೇ ಅದರಲ್ಲಿ ಬರೆದಿರುತ್ತೇವೆ. ನಿಜವಾಗಿ ಓಡಿದ ಕರೆಗಳಿಂದ ಯಂತ್ರವೇ ಬರೆದ ಸರ್ವಿಸ್ ಮ್ಯಾಪನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಯಾರೂ ಬರೆಯದ ಒಂದೆರಡು ಬಾಣಗಳು ಬಹುಮಟ್ಟಿಗೆ ಸಿಕ್ಕೇ ಸಿಗುತ್ತವೆ. ನಮ್ಮಲ್ಲಿ ಬಿಲ್ ಸರ್ವಿಸ್ ಎರಡು ವರ್ಷದಿಂದ ಹಳೆಯ ದರಪಟ್ಟಿಯ ಡೇಟಾಬೇಸನ್ನು ಕೇಳುತ್ತಲೇ ಇತ್ತು. ಅದನ್ನು ಯಾವತ್ತೋ ತೆಗೆದಾಗಿದೆ ಅಂತ ಎಲ್ಲರೂ ಅಂದುಕೊಂಡಿದ್ದೆವು.

ಟೆಲಿಮೆಟ್ರಿ ಅಂದ್ರೆ ನಮ್ಮ ಹಾಸನದ ಎಂಸಿಎಫ್‌ನಲ್ಲಿ ಮಾಡ್ತಾರಲ್ಲ, ಅದೇನಾ?

ಹೌದು, ಪದವೂ ಅದೇ, ಯೋಚನೆಯೂ ಅದೇ. ಇಸ್ರೋದ ಎಂಸಿಎಫ್, ಅಂದರೆ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಿಂದ ಹಾಸನದಲ್ಲಿ ಕೂತು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಉಪಗ್ರಹ ಕೆಟ್ಟರೆ ಮೇಲೆ ಹೋಗಿ ಮುಚ್ಚಳ ತೆಗೆದು ನೋಡಲು ಆಗುವುದಿಲ್ಲ. ಬ್ಯಾಟರಿ ಎಷ್ಟಿದೆ, ಶಾಖ ಎಷ್ಟಿದೆ, ಯಾವ ಕಡೆ ತಿರುಗಿದೆ ಎಂಬುದನ್ನು ಅದೇ ಸಂಖ್ಯೆಗಳಾಗಿ ಕಳಿಸಬೇಕು. ಕೆಳಗಿರುವವರು ಆ ಸಂಖ್ಯೆಗಳನ್ನು ನೋಡಿ ಒಳಗಿನ ಸ್ಥಿತಿ ತಿಳಿದುಕೊಳ್ಳಬೇಕು.

ನಮ್ಮ ಸರ್ವರ್‌ಗೂ ಇದು ಒಪ್ಪುತ್ತದೆ. ನಾನು ಮಕ್ಕಳಿಗೆ ಒತ್ತಿ ಹೇಳುವುದು ಇಷ್ಟು: ಹಾರುವ ಮೊದಲು ಕೂರಿಸದ ಸೆನ್ಸರ್‌ನಿಂದ ಹಾರಿದ ಮೇಲೆ ಲೆಕ್ಕ ಬರುವುದಿಲ್ಲ. ಓಡುತ್ತಿರುವ ಪ್ರೋಗ್ರಾಮಿಗೆ ಆಮೇಲೂ ಕೆಲವು ಸಲಕರಣೆ ಜೋಡಿಸಬಹುದು, ಅಷ್ಟು ಅನುಕೂಲ ನಮಗಿದೆ. ಆದರೆ ನಿನ್ನೆ ಸಂಜೆ ನಾಲ್ಕಕ್ಕೆ ಏನಾಯಿತು ಅನ್ನುವುದನ್ನು ಇವತ್ತು ಸಲಕರಣೆ ಕೂರಿಸಿ ತಿಳಿಯಲು ಆಗುವುದಿಲ್ಲ.

ನಾನು ಪ್ರಿಂಟ್ ಹಾಕಿಯೇ ಎಲ್ಲಾ ಹುಡುಕ್ತೀನಿ. ಅದು ತಪ್ಪಾ ಅಕ್ಕ?

ತಪ್ಪಲ್ಲ. ನಾನೂ ಹಾಕುತ್ತೇನೆ. ಪ್ರತಿ ಸಾಲಿಗೆ ಸಮಯ ಮತ್ತು ಯಾವ ಬೇಡಿಕೆಯದು (ರಿಕ್ವೆಸ್ಟ್) ಅನ್ನುವ ಗುರುತು ಸೇರಿಸಿ, ಅಷ್ಟರಲ್ಲೇ ಅರ್ಧ ಕೆಲಸ ಆಗಿರುತ್ತದೆ. ಆದರೆ ನಿಮಗೆ ಅನುಮಾನ ಇರುವ ಕಡೆ ಮಾತ್ರ ನೀವು ಪ್ರಿಂಟ್ ಹಾಕುತ್ತೀರಿ. ತೊಂದರೆ ಇರುವುದು ಅನುಮಾನವೇ ಬಾರದ ಕಡೆ. ಹಾಗೆಯೇ ಹಲವು ಥ್ರೆಡ್, ಅಂದರೆ ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು, ಇರುವ ಪ್ರೋಗ್ರಾಮಿನಲ್ಲಿ ಪ್ರಿಂಟ್ ಹಾಕಿದ ಕೂಡಲೇ ಓಟದ ಲಯವೇ ಬದಲಾಗುತ್ತದೆ. ತಪ್ಪು ಮಾಯವಾಗುತ್ತದೆ, ಪ್ರಿಂಟ್ ತೆಗೆದರೆ ಮತ್ತೆ ಬರುತ್ತದೆ.

ನಾನಿನ್ನೂ ಮೂರನೇ ಸೆಮ್. ಎಲ್ಲಿಂದ ಶುರು ಮಾಡ್ಲಿ?

ಚಿಕ್ಕದರಿಂದ. ಫಿಲಿಪ್ ಗುವೊ 2010ರಲ್ಲಿ ಮಾಡಿದ ಪೈಥಾನ್ ಟ್ಯೂಟರ್‌ನಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಹಾಕಿ, ಒಂದೊಂದೇ ಹೆಜ್ಜೆ ಮುಂದೆ ಹೋಗಿ. ಯಾವ ವೇರಿಯಬಲ್ ಯಾವ ಪಟ್ಟಿಯನ್ನು ತೋರಿಸುತ್ತಿದೆ ಅಂತ ಬಾಣ ಎಳೆದು ತೋರಿಸುತ್ತದೆ. ರಿಕರ್ಶನ್ (ಫಂಕ್ಷನ್ ತನ್ನನ್ನೇ ತಾನು ಕರೆಯುವುದು) ಅರ್ಥವಾಗದೆ ಅಳುಮುಖ ಮಾಡಿಕೊಂಡಿದ್ದ ಹುಡುಗಿಯೊಬ್ಬಳಿಗೆ ಹದಿನೈದು ನಿಮಿಷದಲ್ಲಿ ಅದು ಅರ್ಥವಾದದ್ದನ್ನು ನಾನೇ ನೋಡಿದ್ದೇನೆ. ಅವಳ ಕಣ್ಣ ಮುಂದೆ ಚೌಕಗಳು ಒಂದರ ಮೇಲೊಂದು ಏರಿ, ಮತ್ತೆ ಒಂದೊಂದಾಗಿ ಇಳಿದವು, ಅಷ್ಟೇ.

ಈ ದಾರಿ ಹೊಸದಲ್ಲ. 1981ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಬೇಕರ್ ಅವರು ಒಂಬತ್ತು ಸಾರ್ಟಿಂಗ್ ವಿಧಾನಗಳನ್ನು ಪರದೆಯ ಮೇಲೆ ಚಲಿಸುವ ಚಿತ್ರವಾಗಿ ಮಾಡಿ ಅರ್ಧ ಗಂಟೆಯಲ್ಲಿ ಕಲಿಸಿದ್ದರು.

ಅದಾದ ಮೇಲೆ ಕ್ರೋಮ್ ಬ್ರೌಸರಿನಲ್ಲಿ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬ್ ನೋಡಿ. ನೀವು ದಿನಾ ತೆರೆಯುವ ಪುಟ ಎಷ್ಟು ಫೈಲ್ ತರಿಸುತ್ತದೆ, ಯಾವುದು ಯಾವುದಕ್ಕೆ ಕಾಯುತ್ತದೆ ಅನ್ನುವುದು ಪಟ್ಟಿಗಳಾಗಿ ಕಾಣುತ್ತದೆ. ಲಿನಕ್ಸ್ ಇದ್ದರೆ, ಪ್ರೋಗ್ರಾಂ ಕರ್ನಲ್ ಅನ್ನು (ಯಂತ್ರವನ್ನು ನಡೆಸುವ ಒಳಗಿನ ತಿರುಳು) ಕೇಳುವುದನ್ನೆಲ್ಲ ಬರೆದು ತೋರಿಸುವ ಎಸ್‌ಟ್ರೇಸ್ ಹಾಕಿ ಒಂದು ಸಣ್ಣ ಕಮಾಂಡ್ ಓಡಿಸಿ. ಬರೀ ಫೈಲ್ ಪಟ್ಟಿ ತೋರಿಸುವುದಕ್ಕೆ ಅದು ಕರ್ನಲ್ ಜೊತೆ ಎಷ್ಟು ಸಲ ಮಾತಾಡುತ್ತದೆ ಅಂತ ನೋಡಿ.

## ಚಿತ್ರ ಓದುವ ಬಗ್ಗೆ

ಫ್ಲೇಮ್ ಗ್ರಾಫ್‌ನ ಎಡದಿಂದ ಬಲಕ್ಕೆ ಓದಬೇಕಾ? ಮೊದಲು ಎಡಗಡೇದು ಓಡಿತು ಅಂತಾನಾ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ. ಫ್ಲೇಮ್ ಗ್ರಾಫ್ ಅಂದರೆ ಪ್ರೋಗ್ರಾಮಿನ ಸಮಯ ಯಾವ ಫಂಕ್ಷನ್‌ಗೆ ಹೋಯಿತು ಅಂತ ಪಟ್ಟಿಯ ಮೇಲೆ ಪಟ್ಟಿ ಇಟ್ಟು ತೋರಿಸುವ ಚಿತ್ರ. ಅಡ್ಡಕ್ಕೆ ಇರುವುದು ಸಮಯ ಅಲ್ಲ. ಒಂದೇ ಮಟ್ಟದ ಫಂಕ್ಷನ್‌ಗಳನ್ನು ಹೆಸರಿನ ಅಕ್ಷರ ಕ್ರಮದಲ್ಲಿ ಇಟ್ಟಿರುತ್ತಾರೆ. ಅಗಲ ನೋಡಬೇಕು. ಪ್ರೊಫೈಲರ್ (ಓಡುವ ಪ್ರೋಗ್ರಾಮನ್ನು ಅಳೆಯುವ ಸಲಕರಣೆ) ಆಗಾಗ ಇಣುಕಿ ನೋಡಿದಾಗ ಎಷ್ಟು ಸಲ ಆ ಫಂಕ್ಷನ್ ಸ್ಟ್ಯಾಕಿನಲ್ಲಿ (ಯಾರು ಯಾರನ್ನು ಕರೆದರು ಅನ್ನುವ ಸರಣಿಯಲ್ಲಿ) ಸಿಕ್ಕಿತೋ ಅಷ್ಟು ಅಗಲ. ಬಣ್ಣಕ್ಕೂ ಸಾಮಾನ್ಯವಾಗಿ ಅರ್ಥ ಇಲ್ಲ, ಪಕ್ಕಪಕ್ಕದವು ಬೇರೆ ಬೇರೆಯಾಗಿ ಕಾಣಲಿ ಅಂತ ಅಷ್ಟೇ.

ಕೆಳಗಿನಿಂದ ಮೇಲಕ್ಕೆ ಓದಿ. ಹಳೇಬೀಡಿನ ದೇವಸ್ಥಾನದ ಗೋಡೆ ನೋಡಿದ್ದೀರಲ್ಲ. ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಹೀಗೆ ಪಟ್ಟಿಕೆಯ ಮೇಲೆ ಪಟ್ಟಿಕೆ. ಇಲ್ಲೂ ತಳದ ಪಟ್ಟಿ ಮೇಲಿನ ಎಲ್ಲವನ್ನೂ ಹೊತ್ತಿರುತ್ತದೆ. ಮೇಲಿರುವುದನ್ನು ಕರೆದದ್ದು ಅದರ ಕೆಳಗಿರುವುದು. ಎಲ್ಲಕ್ಕಿಂತ ಮೇಲೆ, ತಲೆಯ ಮೇಲೆ ಏನೂ ಇಲ್ಲದ ಅಂಚು ಇದೆಯಲ್ಲ, ಆ ಕ್ಷಣ ಸಿಪಿಯು ಮೇಲೆ ನಿಜವಾಗಿ ಓಡುತ್ತಿದ್ದದ್ದು ಅದು. ಆ ಅಂಚಿನಲ್ಲಿ ಅಗಲವಾದ ಬಯಲು ಎಲ್ಲಿದೆ ಅಂತ ಹುಡುಕಿ. ಸಾವಿರ ಇಣುಕಿನಲ್ಲಿ 420 ಸಲ ದಿನಾಂಕ ಫಾರ್ಮ್ಯಾಟ್ ಮಾಡುವ ಫಂಕ್ಷನ್ ಅಲ್ಲಿ ಕೂತಿದ್ದರೆ, ಸಿಪಿಯು ಸಮಯದ ಶೇ. 42 ಅದಕ್ಕೇ ಹೋಯಿತು ಅಂತ ಅರ್ಥ.

ಸಾಫ್ಟ್‌ವೇರ್ ವೇಗ ಅಳೆಯುವ ತಜ್ಞ ಬ್ರೆಂಡನ್ ಗ್ರೆಗ್ 2011ರಲ್ಲಿ ಈ ಚಿತ್ರ ಕಂಡುಹಿಡಿದದ್ದು ಒಂದು ಮೈಎಸ್‌ಕ್ಯೂಎಲ್ ಡೇಟಾಬೇಸಿನ ತೊಂದರೆ ಬಿಡಿಸುವಾಗ. ಪ್ರೊಫೈಲರ್ ಕೊಟ್ಟ ಪಠ್ಯ ಅಷ್ಟು ಉದ್ದ ಇತ್ತು, ಓದಿ ಮುಗಿಸುವ ಹಾಗಿರಲಿಲ್ಲ. ಅದೇ ಪಠ್ಯವನ್ನು ಅಗಲವಾಗಿಸಿ ಒಂದೇ ಪರದೆಗೆ ತಂದರು.

ಒಂದು ಎಚ್ಚರಿಕೆ. ಕ್ರೋಮ್‌ನ ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಇದೇ ಥರ ಕಾಣುವ ಚಿತ್ರವಿದೆ, ಅದು ತಲೆಕೆಳಗಾಗಿ ಇಳಿಯುತ್ತದೆ. ಅದನ್ನು ಫ್ಲೇಮ್ ಚಾರ್ಟ್ ಅನ್ನುತ್ತಾರೆ, ಅಲ್ಲಿ ಅಡ್ಡಕ್ಕೆ ಇರುವುದು ಸಮಯವೇ. ಹೆಸರು ಹತ್ತಿರ, ಓದುವ ರೀತಿ ಬೇರೆ.

ಎಲ್ಲಾ ಕಡೆ 99 ಹರ್ಟ್ಸ್ ಅಂತ ಹಾಕ್ತಾರೆ. 100 ಯಾಕಲ್ಲ?

99 ಹರ್ಟ್ಸ್ ಅಂದರೆ ಪ್ರೊಫೈಲರ್ ಸೆಕೆಂಡಿಗೆ 99 ಸಲ ಇಣುಕುವುದು. ದಿನಾ ಬೆಳಿಗ್ಗೆ ಸರಿಯಾಗಿ ಎಂಟಕ್ಕೇ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿದರೆ ಎಂಟರ ಬಸ್ಸೇ ಕಾಣುತ್ತದೆ. ಈ ಊರಲ್ಲಿ ಇರುವುದು ಅದೊಂದೇ ಬಸ್ಸು ಅಂತ ಅನ್ನಿಸಿಬಿಡುತ್ತದೆ. ಕಂಪ್ಯೂಟರಿನಲ್ಲಿ ಎಷ್ಟೋ ಕೆಲಸಗಳು ಸೆಕೆಂಡಿಗೆ 100 ಸಲ ಎಂಬಂಥ ದುಂಡು ಲೆಕ್ಕದಲ್ಲಿ ಎದ್ದು ಕೂರುತ್ತವೆ. ನೀವೂ 100 ಸಲ ಇಣುಕಿದರೆ ಅವುಗಳ ಜೊತೆ ಹೆಜ್ಜೆ ಕೂಡಿಬಿಡುತ್ತದೆ. 99 ಇಟ್ಟರೆ ಹೆಜ್ಜೆ ನಿಧಾನಕ್ಕೆ ತಪ್ಪುತ್ತಾ ಹೋಗುತ್ತದೆ, ಎಲ್ಲವೂ ಕಾಣುತ್ತವೆ. 30 ಸೆಕೆಂಡಿಗೆ ಒಂದು ಸಿಪಿಯುಗೆ 2,970 ಇಣುಕು ಸಿಗುತ್ತದೆ, ಮೊದಲ ನೋಟಕ್ಕೆ ಧಾರಾಳ ಸಾಕು.

ಸಿಪಿಯು ಶೇ. 10 ಕೂಡ ದಾಟಿಲ್ಲ, ಆದ್ರೂ ಸ್ಲೋ. ಫ್ಲೇಮ್ ಗ್ರಾಫ್‌ನಲ್ಲಿ ಏನೂ ಕಾಣ್ತಾ ಇಲ್ಲ. ಎಲ್ಲಿ ಹುಡುಕಲಿ?

ನನಗೆ ಬರುವ ಪ್ರಶ್ನೆಗಳಲ್ಲಿ ಇದು ಬಹಳ ಮುಖ್ಯವಾದದ್ದು. ನಿಧಾನವಾದ ಪ್ರೋಗ್ರಾಂ ಬಹಳ ಸಲ ಕೆಲಸ ಮಾಡುತ್ತಿರುವುದಿಲ್ಲ, ಕಾಯುತ್ತಿರುತ್ತದೆ. ಡಿಸ್ಕ್‌ಗೆ, ಲಾಕ್‌ಗೆ, ಇನ್ನೊಂದು ಸರ್ವರಿನ ಉತ್ತರಕ್ಕೆ. (ಲಾಕ್ ಅಂದರೆ ಒಬ್ಬರು ಬಳಸಿ ಬಿಡುವ ತನಕ ಉಳಿದವರು ಕಾಯಬೇಕಾದ ಬೀಗ.) ಸಾಮಾನ್ಯ ಫ್ಲೇಮ್ ಗ್ರಾಫ್ ಸಿಪಿಯು ಮೇಲೆ ಇರುವವರನ್ನು ಮಾತ್ರ ಎಣಿಸುತ್ತದೆ. ಹೊರಗೆ ಸಾಲಿನಲ್ಲಿ ನಿಂತವರು ಅದರ ಲೆಕ್ಕಕ್ಕೇ ಬರುವುದಿಲ್ಲ.

ಕಾಯುವುದನ್ನು ತೋರಿಸುವ ಚಿತ್ರ ಹೇಗಿರಬೇಕು ಅನ್ನುವುದಕ್ಕೆ ನಾನು ಯಾವಾಗಲೂ ಸಕಲೇಶಪುರದ ರೈಲು ದಾರಿ ಹೇಳುತ್ತೇನೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿ.ಮೀ. ಘಾಟಿ, ಒಂದೇ ಹಳಿ. ಎದುರಿನಿಂದ ಗಾಡಿ ಬಂದರೆ ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಇಂಥ ಕಡೆ ಕ್ರಾಸಿಂಗ್‌ಗೆ ನಿಲ್ಲಬೇಕು. ರೈಲ್ವೆ ಕಂಟ್ರೋಲಿನವರು ಇದನ್ನು ಒಂದು ಚಾರ್ಟಿನ ಮೇಲೆ ಬರೆಯುತ್ತಾರೆ. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಸ್ಟೇಷನ್‌ಗಳು. ಓಡುವ ಗಾಡಿ ಓರೆ ಗೆರೆಯಾಗುತ್ತದೆ. ನಿಂತ ಗಾಡಿ ಅಡ್ಡ ಗೆರೆಯಾಗುತ್ತದೆ. ಗಾಡಿ ತಡವಾದದ್ದು ಎಂಜಿನ್ ನಿಧಾನವಾಗಿದ್ದಕ್ಕೋ, ಎಡಕುಮೇರಿಯಲ್ಲಿ ಕಾದದ್ದಕ್ಕೋ ಅಂತ ಗೆರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಯಾರಿಗಾಗಿ ಕಾದದ್ದು ಅನ್ನುವುದೂ ಅಲ್ಲೇ ಇರುತ್ತದೆ, ಅದೇ ಜಾಗದಲ್ಲಿ ಎದುರಿನ ಓರೆ ಗೆರೆ ದಾಟಿ ಹೋಗಿರುತ್ತದೆ.

ಪ್ರೋಗ್ರಾಮಿಗೂ ಇಂಥದ್ದೇ ಚಿತ್ರ ಬೇಕು. ಥ್ರೆಡ್‌ಗೆ ಒಂದು ಸಾಲು, ಅಡ್ಡಕ್ಕೆ ಸಮಯ, ಓಡಿದ್ದು ಒಂದು ಬಣ್ಣ, ಕಾದದ್ದು ಇನ್ನೊಂದು. ಪರ್ಫೆಟ್ಟೊ ಎಂಬ ಸಲಕರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಫ್ಲೇಮ್ ಗ್ರಾಫೇ ಬೇಕು ಅಂದರೆ ಆಫ್ ಸಿಪಿಯು ಅನ್ನುವ ಬಗೆ ಇದೆ. ಅದು ಥ್ರೆಡ್ ಮಲಗಿದ್ದ ಹೊತ್ತನ್ನು ಅಗಲವಾಗಿ ತೋರಿಸುತ್ತದೆ.

ನಮ್ಮಲ್ಲೇ ಆದದ್ದು ಹೇಳುತ್ತೇನೆ. ಜನವರಿ, ಕೊಯ್ಲಿನ ಕಾಲ. ಖರೀದಿ ಡಿಪೋದ ಮುಂದೆ ಪಿಕಪ್‌ಗಳು ಸಾಲುಗಟ್ಟಿ ನಿಂತಿದ್ದವು. ತೂಕದ ಚೀಟಿ ಬರಲು ಒಂದೊಂದಕ್ಕೂ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತಿತ್ತು. ಮೊದಲು ಹೊಸ ಸರ್ವರ್ ತರಿಸಿದರು, ಏನೂ ಬದಲಾಗಲಿಲ್ಲ. ಬೆಳೆಗಾರರು ಬಿಸಿಲಲ್ಲಿ ಕಾಯುವುದು ನೋಡಿ ನನಗೆ ತುಂಬಾ ಬೇಜಾರಾಗಿತ್ತು. ಕೊನೆಗೆ ಥ್ರೆಡ್‌ಗಳ ಚಿತ್ರ ತೆಗೆದೆ. ಎಲ್ಲ ಚೀಟಿಯಲ್ಲೂ ಒಂದು ಉದ್ದನೆಯ ಕಾಯುವಿಕೆ, ಸರಿಯಾಗಿ 5.00 ಸೆಕೆಂಡು. ನಿಜವಾದ ಕೆಲಸಕ್ಕೆ ಅಷ್ಟು ದುಂಡಗಿನ ಸಂಖ್ಯೆ ಬರುವುದಿಲ್ಲ. ದುಂಡು ಸಂಖ್ಯೆ ಕಂಡರೆ ಅದು ಯಾರೋ ಇಟ್ಟ ಗಡುವು ಅಂತ ಅನುಮಾನಿಸಿ. ಲಿನಕ್ಸ್‌ನಲ್ಲಿ ಹೆಸರಿನಿಂದ ವಿಳಾಸ ಹುಡುಕುವಾಗ ಮೊದಲ ಡಿಎನ್‌ಎಸ್ ಸರ್ವರ್ ಉತ್ತರಿಸದಿದ್ದರೆ ಮಾಮೂಲಿಯಾಗಿ 5 ಸೆಕೆಂಡು ಕಾದು ಮುಂದಿನದನ್ನು ಕೇಳುತ್ತದೆ. ನಮ್ಮ ಪಟ್ಟಿಯಲ್ಲಿ ಮೊದಲಿಗಿದ್ದ ಸರ್ವರ್ ಸತ್ತುಹೋಗಿತ್ತು. ಒಂದು ಸಾಲು ಅಳಿಸಿದೆವು, ಚೀಟಿ ತಕ್ಷಣ ಬರತೊಡಗಿತು.

ಸರಾಸರಿ 300 ಮಿಲಿಸೆಕೆಂಡೂ ಇಲ್ಲ. ಆದ್ರೂ ಗ್ರಾಹಕರು ಯಾಕೆ ಬಯ್ತಾರೆ?

ನಮ್ಮ ಕಡೆ ತೋಟದವರು ದಿನದ ಮಳೆಯನ್ನು ಇಂಚು, ಸೆಂಟಿನ ಲೆಕ್ಕದಲ್ಲಿ ಬರೆದಿಡುತ್ತಾರೆ. ವರ್ಷದ ಮೊತ್ತ ಒಂದೇ ಸಾಕಿದ್ದರೆ ದಿನಾ ಯಾಕೆ ಬರೆಯಬೇಕಿತ್ತು? ಫೆಬ್ರವರಿ, ಮಾರ್ಚ್‌ನಲ್ಲಿ ಹೂ ಮಳೆ ಬರಬೇಕು, ಕೆಲವು ವಾರ ಬಿಟ್ಟು ಬ್ಯಾಕಿಂಗ್ ಮಳೆ ಬರಬೇಕು. ಕೊಯ್ಲಿನ ಹೊತ್ತಲ್ಲಿ ಬಂದರೆ ಅದೇ ಮಳೆ ಹಣ್ಣು ಉದುರಿಸಿ ಹಾಳು ಮಾಡುತ್ತದೆ. ಮೊತ್ತ ಒಂದೇ ಆದರೂ ಫಸಲು ಒಂದೇ ಅಲ್ಲ.

ಲೆಕ್ಕ ಹಾಕಿ ನೋಡಿ. 100 ಬೇಡಿಕೆಯಲ್ಲಿ 95ಕ್ಕೆ 100 ಮಿಲಿಸೆಕೆಂಡು, ಉಳಿದ 5ಕ್ಕೆ 4,000. ಸರಾಸರಿ 295. ಆದರೆ 295 ಮಿಲಿಸೆಕೆಂಡಿನ ಅನುಭವ ಒಬ್ಬರಿಗೂ ಆಗಲಿಲ್ಲ. ಐದು ಜನ ನಾಲ್ಕು ಸೆಕೆಂಡು ಕಾದರು, ಫೋನ್ ಮಾಡುವುದು ಅವರೇ. ಇನ್ನು ಒಂದು ಪುಟ ತೆರೆಯಲು ಒಳಗೆ 20 ಕರೆ ಹೋಗುತ್ತವೆ, ಪ್ರತಿ ಕರೆಯೂ ನೂರಕ್ಕೆ ಒಂದು ಸಲ ನಿಧಾನ ಅಂತ ಇಟ್ಟುಕೊಳ್ಳಿ. ಆಗ ನೂರರಲ್ಲಿ ಸುಮಾರು 18 ಪುಟಗಳು ನಿಧಾನವಾಗುತ್ತವೆ. ಒಳಗೆ ಅಪರೂಪ ಅನ್ನಿಸಿದ್ದು ಹೊರಗೆ ಮಾಮೂಲಿ ಆಗಿಬಿಡುತ್ತದೆ.

ಇದಕ್ಕೆ ನನಗೆ ಇಷ್ಟವಾದ ಚಿತ್ರ ಹೀಟ್ ಮ್ಯಾಪ್. ಅಡ್ಡಕ್ಕೆ ದಿನದ ಹೊತ್ತು, ಉದ್ದಕ್ಕೆ ಹಿಡಿದ ಸಮಯ, ಎಷ್ಟು ಬೇಡಿಕೆ ಅಲ್ಲಿ ಬಿತ್ತೋ ಅಷ್ಟು ಗಾಢ ಬಣ್ಣ. ಎರಡು ಬೇರೆ ಬೇರೆ ಪಟ್ಟಿ ಕಂಡರೆ ಎರಡು ಬೇರೆ ದಾರಿ ಇವೆ ಅಂತ ಅರ್ಥ, ಬಹುಶಃ ಕೈಗೆಟುಕುವಂತೆ ನಕಲು ಇಟ್ಟಿರುವ ಕ್ಯಾಶ್‌ನಲ್ಲಿ ಸಿಕ್ಕಿದ್ದು ಒಂದು, ಸಿಗದೇ ಡೇಟಾಬೇಸಿಗೆ ಹೋದದ್ದು ಒಂದು. ಒಂದೇ ಗೆರೆಯ ಗ್ರಾಫ್ ಆ ಎರಡರ ನಡುವಿನ ಖಾಲಿ ಜಾಗದಲ್ಲಿ ಹಾದು ಹೋಗುತ್ತದೆ. ಹಾಗೆಯೇ ಹತ್ತು ಸರ್ವರ್‌ಗಳ 99ನೇ ಪರ್ಸೆಂಟೈಲ್ (ನೂರರಲ್ಲಿ 99 ಬೇಡಿಕೆಗಳು ಎಷ್ಟು ಹೊತ್ತಿನೊಳಗೆ ಮುಗಿದವೋ ಆ ಸಂಖ್ಯೆ) ತಗೊಂಡು ಸರಾಸರಿ ಮಾಡಬೇಡಿ. ಆ ಉತ್ತರಕ್ಕೆ ಅರ್ಥ ಇಲ್ಲ. ಎಣಿಕೆಗಳನ್ನು ಕೂಡಿಸಿ, ಆಮೇಲೆ ಪರ್ಸೆಂಟೈಲ್ ತೆಗೆಯಿರಿ.

ಮೆಮೊರಿ ಗ್ರಾಫ್ ಗರಗಸದ ಹಲ್ಲಿನ ಥರ ಏರಿ ಇಳೀತಿದೆ. ಲೀಕ್ ಆಗ್ತಿದೆಯಾ?

ಬೇಡವಾದ ಮೆಮೊರಿಯನ್ನು ತಾನೇ ಗುಡಿಸುವ ಗಾರ್ಬೇಜ್ ಕಲೆಕ್ಟರ್ ಇರುವ ಭಾಷೆಯಲ್ಲಿ ಹಾಗೆಯೇ ಕಾಣಬೇಕು. ತುಂಬುತ್ತದೆ, ಗುಡಿಸುತ್ತದೆ, ಮತ್ತೆ ತುಂಬುತ್ತದೆ. ತುದಿ ನೋಡಬೇಡಿ, ತಳ ನೋಡಿ. ಪೂರ್ತಿ ಗುಡಿಸಿದ ಮೇಲಿನ ತಳ ದಿನೇ ದಿನೇ ಮೇಲೆ ಬರುತ್ತಿದ್ದರೆ ಲೀಕ್, ಅಂದರೆ ಬಳಸಿದ ಮೆಮೊರಿಯನ್ನು ಬಿಡದೆ ಹಿಡಿದಿಟ್ಟುಕೊಳ್ಳುವುದು, ಇರಬಹುದು.

## ಹಲವು ಯಂತ್ರಗಳು ಸೇರಿದಾಗ

ಲಾಗ್, ಮೆಟ್ರಿಕ್, ಟ್ರೇಸ್ ಅಂತಾರೆ. ಮೂರೂ ಬೇಕಾ?

ಎಷ್ಟು ಅನ್ನುವುದನ್ನು ಮೆಟ್ರಿಕ್ ಹೇಳುತ್ತದೆ. ಒಂದು ಕಡೆ ಏನಾಯಿತು ಅನ್ನುವುದನ್ನು ಲಾಗ್ ಹೇಳುತ್ತದೆ. ಒಂದು ಬೇಡಿಕೆ ಎಲ್ಲೆಲ್ಲಿ ಹೋಯಿತು, ಎಲ್ಲಿ ಎಷ್ಟು ಹೊತ್ತು ನಿಂತಿತು ಅನ್ನುವುದು ಟ್ರೇಸ್. ಒಂದೇ ಯಂತ್ರದ ಸಣ್ಣ ವ್ಯವಸ್ಥೆಗೆ ಮೊದಲೆರಡು ಸಾಕು. ಮೂರ್ನಾಲ್ಕು ಸರ್ವಿಸ್ ಒಂದನ್ನೊಂದು ಕರೆಯತೊಡಗಿದ ದಿನವೇ ಟ್ರೇಸ್ ಹಾಕಿಕೊಳ್ಳಿ.

ಬೇರೆ ಬೇರೆ ಸರ್ವರ್‌ನಲ್ಲಿ ಆದದ್ದನ್ನ ಒಂದೇ ಟ್ರೇಸ್ ಅಂತ ಹೇಗೆ ಗುರುತು ಹಿಡಿಯುತ್ತೆ?

ಕ್ಯೂರಿಂಗ್ ವರ್ಕ್ಸ್‌ಗೆ ಹೋದ ಕಾಫಿ ನೆನಪಿಸಿಕೊಳ್ಳಿ. ಮೂಟೆ ಒಳಗೆ ಬಂದಾಗಲೇ ಅದಕ್ಕೊಂದು ಲಾಟ್ ನಂಬರ್. ಹಲ್ಲಿಂಗ್, ಗ್ರೇಡಿಂಗ್, ಎಲ್ಲಿಗೆ ಹೋದರೂ ಆ ನಂಬರ್ ಜೊತೆಗೇ ಹೋಗಬೇಕು. ಯಾವ ತೋಟದ ಕಾಫಿಗೆ ಎಷ್ಟು ಔಟ್‌ಟರ್ನ್ ಬಂತು ಅಂತ ಕೊನೆಗೆ ಹೇಳುವುದು ಅದರಿಂದಲೇ.

ಟ್ರೇಸ್‌ನಲ್ಲೂ ಮೊದಲ ಸರ್ವಿಸ್ ಒಂದು ನಂಬರ್ ಹುಟ್ಟಿಸುತ್ತದೆ, 16 ಬೈಟಿನದು. ಮುಂದಿನ ಸರ್ವಿಸನ್ನು ಕರೆಯುವಾಗ ಟ್ರೇಸ್‌ಪೇರೆಂಟ್ ಎಂಬ ಹೆಡರ್‌ನಲ್ಲಿ ಅದನ್ನು ಕಳಿಸುತ್ತದೆ. ಜೊತೆಗೆ ನನ್ನನ್ನು ಕರೆದ ತುಂಡು ಯಾವುದು ಅನ್ನುವ ಗುರುತೂ ಹೋಗುತ್ತದೆ. ಪ್ರತಿ ತುಂಡಿಗೆ ಸ್ಪ್ಯಾನ್ ಅನ್ನುತ್ತಾರೆ. ಎಲ್ಲ ಸ್ಪ್ಯಾನ್‌ಗಳು ಒಂದು ಕಡೆ ಸೇರಿದ ಮೇಲೆ ನಂಬರ್ ನೋಡಿ ಗಿಡದ ಹಾಗೆ ಜೋಡಿಸುತ್ತಾರೆ. ಗೂಗಲ್‌ನವರು ತಮ್ಮ ಟ್ರೇಸಿಂಗ್ ವ್ಯವಸ್ಥೆ ಡ್ಯಾಪರ್ ಬಗ್ಗೆ 2010ರಲ್ಲಿ ಬರೆದ ಮೇಲೆ ಇದು ಹರಡಿತು. 2012ರಲ್ಲಿ ಟ್ವಿಟರ್‌ನಿಂದ ಜಿಪ್ಕಿನ್ ಬಂತು, ಆಮೇಲೆ ಊಬರ್‌ನಿಂದ ಯೇಗರ್ ಬಂತು. 2019ರಲ್ಲಿ ಎರಡು ಬೇರೆ ಬೇರೆ ಯೋಜನೆಗಳು ಸೇರಿ ಓಪನ್‌ಟೆಲಿಮೆಟ್ರಿ ಆಯಿತು. ಈಗ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಅದನ್ನೇ.

ಈ ನಂಬರ್ ಬಿದ್ದುಹೋಗುವ ಜಾಗಗಳನ್ನು ಗೊತ್ತು ಮಾಡಿಕೊಂಡಿರಿ. ಬೇಡಿಕೆ ಕ್ಯೂಗೆ ಹೋಗಿ ಕೂತಾಗ, ಥ್ರೆಡ್ ಪೂಲ್‌ಗೆ ದಾಟಿದಾಗ, ರಾತ್ರಿ ಓಡುವ ಕೆಲಸಕ್ಕೆ ಸೇರಿದಾಗ. ಟ್ರೇಸ್ ಅಲ್ಲಿ ತುಂಡಾಗಿದ್ದರೆ ಸರ್ವಿಸ್ ನಿಂತಿದೆ ಅಂತ ಅಲ್ಲ, ನಂಬರ್ ಜೊತೆಗೆ ಹೋಗಿಲ್ಲ ಅಂತ.

ಟ್ರೇಸ್‌ನಲ್ಲಿ ಯಾವ ಆಕಾರ ಕಂಡ್ರೆ ಏನು ಅರ್ಥ?

ಮೊದಲು ಕಲಿಯಬೇಕಾದದ್ದು ಮೆಟ್ಟಿಲು. ಸಣ್ಣ ಸಣ್ಣ ಒಂದೇ ಅಳತೆಯ ಪಟ್ಟಿಗಳು ಒಂದು ಮುಗಿದ ಮೇಲೆ ಇನ್ನೊಂದು ಇಳಿಯುತ್ತಾ ಹೋಗಿದ್ದರೆ, ಡೇಟಾಬೇಸನ್ನು ಒಂದೊಂದೇ ಸಾಲಿಗೆ ಕೇಳುತ್ತಿದ್ದೀರಿ. 200 ಬೆಳೆಗಾರರ ಪಟ್ಟಿ ತಂದು, ಒಬ್ಬೊಬ್ಬರ ಬಾಕಿಗೂ ಬೇರೆ ಕ್ವೆರಿ. ಒಂದಕ್ಕೆ 5 ಮಿಲಿಸೆಕೆಂಡ್ ಆದರೂ ಒಟ್ಟು ಒಂದು ಸೆಕೆಂಡು. ಒಂದೇ ಕ್ವೆರಿಯಲ್ಲಿ ತರಿಸಿದರೆ ಮೆಟ್ಟಿಲು ಮಾಯ.

ಒಟ್ಟಿಗೆ ಶುರುವಾದ ಹಲವು ಪಟ್ಟಿಗಳಲ್ಲಿ ಒಂದು ಮಾತ್ರ ಉದ್ದ ಇದ್ದರೆ ಎಲ್ಲರೂ ಅದೊಂದಕ್ಕೆ ಕಾದಿದ್ದಾರೆ. ಉಳಿದವನ್ನು ಚುರುಕು ಮಾಡಿ ಪ್ರಯೋಜನ ಇಲ್ಲ. ಒಂದೇ ಹೆಸರಿನ ಪಟ್ಟಿ ಮೂರು ಸಲ, ನಡುವೆ ಹೆಚ್ಚುತ್ತಾ ಹೋಗುವ ಅಂತರ ಇದ್ದರೆ ಅದು ಮರುಪ್ರಯತ್ನ. ಇನ್ನು ಯಾವ ಪಟ್ಟಿಯೂ ಇಲ್ಲದ ಬರಿದಾದ ಜಾಗ. ಹೊಸಬರು ಅದನ್ನು ದಾಟಿ ಹೋಗುತ್ತಾರೆ. ನಾನು ಮೊದಲು ನಿಲ್ಲುವುದೇ ಅಲ್ಲಿ. ಅಲ್ಲಿ ಏನೋ ಆಗಿದೆ, ನಾವು ಅಳೆದಿಲ್ಲ.

ಮಗು ಸ್ಪ್ಯಾನ್ ತಾಯಿಗಿಂತ ಮೊದಲೇ ಶುರುವಾದ ಹಾಗೆ ಕಾಣ್ತಿದೆ. ಅದು ಹೇಗೆ ಸಾಧ್ಯ?

ಎರಡು ಯಂತ್ರದ ಗಡಿಯಾರ ಒಂದೇ ಇಲ್ಲ, ಅಷ್ಟೇ. ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ಎನ್‌ಟಿಪಿ ಹಾಕಿದರೂ ಕೆಲವು ಮಿಲಿಸೆಕೆಂಡು ಹಿಂದೆ ಮುಂದೆ ಇರುತ್ತವೆ. ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ 1978ರಲ್ಲೇ ಇದಕ್ಕೆ ದಾರಿ ತೋರಿಸಿದರು. ಗಡಿಯಾರ ಏನಾದರೂ ಹೇಳಲಿ, ಸಂದೇಶ ಕಳಿಸಿದ್ದು ಅದು ತಲುಪಿದ್ದಕ್ಕಿಂತ ಮೊದಲೇ ಆಗಿರಬೇಕು. ಇದರ ಮೇಲೆ ಯಾವುದು ಮೊದಲು ಅಂತ ತೀರ್ಮಾನಿಸಬಹುದು. ಕೆಲವು ಜೋಡಿಗಳಿಗೆ ಮೊದಲು, ಆಮೇಲೆ ಅನ್ನುವುದೇ ಇರುವುದಿಲ್ಲ ಅಂತಲೂ ಅವರೇ ತೋರಿಸಿದರು.

ದಿನದ ಕೆಲಸಕ್ಕೆ ಹೀಗೆ ಮಾಡಿ. ಒಂದೇ ಯಂತ್ರದೊಳಗಿನ ಅಳತೆ ನಂಬಿ. ಯಂತ್ರದಿಂದ ಯಂತ್ರಕ್ಕೆ ಮಿಲಿಸೆಕೆಂಡಿನ ಹೋಲಿಕೆ ಮಾಡುವಾಗ ಬಾಣಗಳನ್ನು ನಂಬಿ, ಸಮಯವನ್ನಲ್ಲ.

## ಇನ್ನೂ ಆಳಕ್ಕೆ

ಅಳೆಯೋದ್ರಿಂದಲೇ ಪ್ರೋಗ್ರಾಂ ನಿಧಾನ ಆಗಲ್ವಾ?

ಆಗುತ್ತದೆ. ಎಷ್ಟು ಅನ್ನುವುದು ಹೇಗೆ ಅಳೆಯುತ್ತೀರಿ ಅನ್ನುವುದರ ಮೇಲಿದೆ. ಎಸ್‌ಟ್ರೇಸ್ ಕರ್ನಲ್‌ಗೆ ಹೋಗುವ ಪ್ರತಿ ಸಿಸ್ಟಂ ಕಾಲ್‌ಗೂ ಪ್ರೋಗ್ರಾಮನ್ನು ತಡೆದು ನಿಲ್ಲಿಸುತ್ತದೆ. ಗ್ರಾಹಕರು ಬಳಸುತ್ತಿರುವ ಸರ್ವರ್ ಮೇಲೆ ಅದನ್ನು ಹಾಕಬೇಡಿ. ಕ್ಯಾಲ್‌ಗ್ರೈಂಡ್ ಥರದವು ಪ್ರತಿ ಸೂಚನೆಯನ್ನೂ ಎಣಿಸುತ್ತವೆ, ಹತ್ತಾರು ಪಟ್ಟು ನಿಧಾನ. ಅವು ನಿಮ್ಮ ಮೇಜಿನ ಮೇಲಿನ ಯಂತ್ರಕ್ಕೆ ಸರಿ. ಪರ್ಫ್ ಥರ ಆಗಾಗ ಇಣುಕುವ ಸಲಕರಣೆಗಳು ಬಹಳ ಹಗುರ. ಇಬಿಪಿಎಫ್ (ಲಿನಕ್ಸ್ ಕರ್ನಲ್ ಒಳಗೆ ಸಣ್ಣ ಪ್ರೋಗ್ರಾಂ ಓಡಿಸುವ ಸೌಲಭ್ಯ) ಬಂದ ಮೇಲೆ ಕರ್ನಲ್ ಒಳಗೇ ಎಣಿಸಿ ಮೊತ್ತ ಮಾತ್ರ ಹೊರಗೆ ಕಳಿಸಬಹುದು, ಹಾಗಾಗಿ ಓಡುವ ಸರ್ವರ್ ಮೇಲೂ ಧೈರ್ಯವಾಗಿ ಬಳಸಬಹುದು.

ಟ್ರೇಸ್‌ಗೆ ಸ್ಯಾಂಪ್ಲಿಂಗ್ ಇದೆ. ಡ್ಯಾಪರ್‌ನ ಮೊದಲ ಆವೃತ್ತಿ ಸರಾಸರಿ 1,024 ಬೇಡಿಕೆಗೆ ಒಂದನ್ನು ಮಾತ್ರ ಉಳಿಸಿಕೊಳ್ಳುತ್ತಿತ್ತು. ಗೂಗಲ್‌ಗೆ ಅದು ಸಾಕಾಗುತ್ತಿತ್ತು, ಅಲ್ಲಿ ಬೇಡಿಕೆಗಳ ಹೊಳೆಯೇ ಹರಿಯುತ್ತದೆ. ದಿನಕ್ಕೆ ಕೆಲವು ಸಾವಿರ ಚೀಟಿ ಮಾಡುವ ನಮ್ಮಂಥ ಕಡೆ ಎಲ್ಲವನ್ನೂ ಇಟ್ಟುಕೊಳ್ಳಿ. ದೊಡ್ಡವರ ಸೆಟ್ಟಿಂಗ್ ಸುಮ್ನೆ ಕಾಪಿ ಮಾಡಿದರೆ ನಿಮಗೆ ಬೇಕಾದ ಆ ಒಂದು ಕೆಟ್ಟ ಚೀಟಿಯೇ ಸಿಗುವುದಿಲ್ಲ.

ಲೋಡ್ ಸ್ವಲ್ಪವೇ ಜಾಸ್ತಿ ಆಯ್ತು, ಆದ್ರೆ ಕಾಯೋ ಸಮಯ ಎಷ್ಟೋ ಪಟ್ಟು ಏರಿತು. ಯಾಕೆ?

ಸಾಲಿನ ಗುಣವೇ ಅದು. ಒಬ್ಬರೇ ಕೆಲಸ ಮಾಡುವ, ಗಿರಾಕಿಗಳು ಯಾವಾಗೆಂದರೆ ಆವಾಗ ಬರುವ ಸರಳ ಲೆಕ್ಕ ತಗೊಳ್ಳಿ. ಸರ್ವರ್ ಅರ್ಧ ತುಂಬಿದ್ದಾಗ ಒಟ್ಟು ಹಿಡಿಯುವ ಸಮಯ ನಿಜವಾದ ಕೆಲಸದ 2 ಪಟ್ಟು. ಶೇ. 80 ತುಂಬಿದಾಗ 5 ಪಟ್ಟು. ಶೇ. 90ಕ್ಕೆ 10, ಶೇ. 95ಕ್ಕೆ 20. ಕೊನೆಯ ಐದು ಅಂಶ ಏರಿದ್ದಕ್ಕೆ ಒಟ್ಟು ಸಮಯ ಇಮ್ಮಡಿಯಾಯಿತು.

ಗೊರೂರು ಅಣೆಕಟ್ಟೆಯ ಸುದ್ದಿ ಪತ್ರಿಕೆಯಲ್ಲಿ ಹೇಗೆ ಬರುತ್ತದೆ ನೋಡಿ. ಗರಿಷ್ಠ ಮಟ್ಟ 2,922 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಆ ನಾಲ್ಕು ಸಂಖ್ಯೆ ಜೊತೆಗಿದ್ದರೆ ನಾಳೆ ಏನಾಗುತ್ತದೆ ಅಂತ ಹೇಳಬಹುದು. ನಿಮ್ಮ ಪ್ರತಿ ಕ್ಯೂಗೂ ಅದೇ ನಾಲ್ಕನ್ನು ಒಂದೇ ಪರದೆಯಲ್ಲಿ ಇಡಿ. ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಕೂಡ ಇಲ್ಲಿ ಕೈ ಹಿಡಿಯುತ್ತದೆ: ಬರುವ ವೇಗವನ್ನು ತಲಾ ಹಿಡಿಯುವ ಸಮಯದಿಂದ ಗುಣಿಸಿದರೆ ಒಳಗಿರುವವರ ಸರಾಸರಿ. ಸೆಕೆಂಡಿಗೆ 20 ಬೇಡಿಕೆ, ತಲಾ ಅರ್ಧ ಸೆಕೆಂಡು ಅಂದರೆ ಒಳಗೆ ಸರಾಸರಿ 10 ಇರಬೇಕು. ಪರದೆ 60 ತೋರಿಸುತ್ತಿದ್ದರೆ ನಿಮ್ಮ ಅಳತೆಯಲ್ಲಿ ಯಾವುದೋ ಒಂದು ಸುಳ್ಳು ಹೇಳುತ್ತಿದೆ. ಬಹಳ ಸಲ ಕ್ಯೂನಲ್ಲಿ ಕಾದ ಹೊತ್ತನ್ನು ಬಿಟ್ಟು ಕೆಲಸದ ಹೊತ್ತನ್ನು ಮಾತ್ರ ಅಳೆದಿರುತ್ತಾರೆ.

ಸಾಫ್ಟ್‌ವೇರನ್ನ ಮೂರು ಆಯಾಮದ ಊರಿನ ಥರ ತೋರಿಸೋ ಟೂಲ್ ಇದೆ. ಒಳ್ಳೇದಾ?

ನೋಡಲು ಚೆಂದ. ಪರಿಚಯ ಇಲ್ಲದ ದೊಡ್ಡ ಕೋಡ್‌ಗೆ ಮೊದಲ ಸಲ ಕಾಲಿಡುವಾಗ ಒಂದು ಅಂದಾಜು ಸಿಗುತ್ತದೆ. ತೊಂದರೆ ಹುಡುಕುವಾಗ ನಾನು ಬಳಸುವುದಿಲ್ಲ. ಮುಂದಿನ ಕಟ್ಟಡ ಹಿಂದಿನದನ್ನು ಮುಚ್ಚುತ್ತದೆ, ಎತ್ತರ ಹೋಲಿಸಲು ಕಣ್ಣಿಗೆ ಕಷ್ಟ. ಸಪಾಟಾದ ಪಟ್ಟಿಗಳೇ ನನಗೆ ಬೇಗ ಉತ್ತರ ಕೊಟ್ಟಿವೆ.

ಟ್ರೇಸ್ ತೆಗೆದು ನೋಡಿದ್ರೆ ಬೆಳೆಗಾರರ ಬ್ಯಾಂಕ್ ಖಾತೆ ನಂಬರ್ ಕಾಣ್ತಿದೆ. ಪರವಾಗಿಲ್ವಾ?

ತಪ್ಪು, ಹಾಗಿರಬಾರದು. ಇವತ್ತೇ ನಿಲ್ಲಿಸಿ. ಕ್ವೆರಿಯ ಪಠ್ಯ, ಯುಆರ್‌ಎಲ್, ದೋಷದ ಸಂದೇಶ, ಇವುಗಳ ಜೊತೆ ಫೋನ್ ನಂಬರ್, ಆಧಾರ್, ಖಾತೆ ಎಲ್ಲ ಗೊತ್ತಿಲ್ಲದೆ ಸೇರಿಕೊಳ್ಳುತ್ತವೆ. ಕ್ವೆರಿಯಲ್ಲಿ ನಿಜವಾದ ಮೌಲ್ಯಗಳ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಮಾತ್ರ ದಾಖಲಿಸಿ. ಓಪನ್‌ಟೆಲಿಮೆಟ್ರಿ ಕಲೆಕ್ಟರ್‌ನಲ್ಲಿ ಇಂಥ ಗುಣಗಳನ್ನು ಅಳಿಸುವ ವ್ಯವಸ್ಥೆ ಇದೆ, ಮೊದಲ ದಿನವೇ ಹಾಕಿಕೊಳ್ಳಿ. ಬೆಳೆಗಾರರು ನಮ್ಮನ್ನು ನಂಬಿ ಕೊಟ್ಟದ್ದು ತೂಕಕ್ಕೆ, ಬಿಲ್ಲಿಗೆ. ಡೆವಲಪರ್‌ಗಳ ಪರದೆಯ ಮೇಲೆ ಓಡಾಡಲಿ ಅಂತ ಅಲ್ಲ.

ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆ ಈ ಚಿತ್ರ ತೋರಿಸಿ ಉಪಯೋಗ ಇದೆಯಾ?

ಖಂಡಿತ ಇದೆ. ಒಂದೇ ಚಿತ್ರ ತಗೊಳ್ಳಿ, ಕಾಗದದ ಮೇಲೆ ದೊಡ್ಡದಾಗಿ ಪ್ರಿಂಟ್ ಮಾಡಿ. ಫಂಕ್ಷನ್ ಹೆಸರು ತೆಗೆದು ಅವರ ಕೆಲಸದ ಹೆಸರು ಬರೆಯಿರಿ. ತೂಕ, ತೇವಾಂಶ, ದರ, ಚೀಟಿ. ಆಮೇಲೆ ನೀವು ವಿವರಿಸಬೇಡಿ, ಅವರನ್ನು ಕೇಳಿ.

ಡಿಎನ್‌ಎಸ್ ಸರಿಮಾಡಿದ ಮೇಲೂ ಹೀಟ್ ಮ್ಯಾಪಿನಲ್ಲಿ ದಿನಾ ಸಂಜೆ ನಾಲ್ಕರ ಹತ್ತಿರ ಹದಿನೈದು ನಿಮಿಷ ಒಂದು ಗಾಢ ಕಲೆ ಉಳಿದುಕೊಂಡಿತ್ತು. ಭಾನುವಾರ ಇರುತ್ತಿರಲಿಲ್ಲ. ಎರಡು ವಾರ ಕೋಡ್‌ನಲ್ಲಿ ಹುಡುಕಿದೆ, ನಿಗದಿಯಾಗಿ ಓಡುವ ಕೆಲಸ ಯಾವುದೂ ಸಿಗಲಿಲ್ಲ. ಕೊನೆಗೆ ಪ್ರಿಂಟ್ ತಗೊಂಡು ಡಿಪೋಗೆ ಹೋಗಿ ಮೇಸ್ತ್ರಿಯ ಮುಂದೆ ಹರಡಿದೆ. ಅವರು ಅಡ್ಡಕ್ಕೆ ಬರೆದಿದ್ದ ಗಂಟೆಗಳನ್ನು ಒಂದು ಸಲ ನೋಡಿದರು. ಆ ಕಲೆಯ ಮೇಲೆ ಬೆರಳಿಟ್ಟು, 'ಇದು ಒಳಗಿನ ರೂಮಿನವರು ಯಜಮಾನರಿಗೆ ದಿನದ ಲೆಕ್ಕ ತೆಗೆಯೋ ಹೊತ್ತಲ್ವೇನಮ್ಮ?' ಅಂದರು. ಒಳಗೆ ಹೋಗಿ ನೋಡಿದರೆ ಅಕೌಂಟೆಂಟ್ ತಮ್ಮ ಎಕ್ಸೆಲ್ ಹಾಳೆಯನ್ನು ನೇರವಾಗಿ ನಮ್ಮ ಡೇಟಾಬೇಸಿಗೆ ಜೋಡಿಸಿಕೊಂಡಿದ್ದರು. ಅವರು ರಿಫ್ರೆಶ್ ಒತ್ತಿದಾಗ ಇಡೀ ವರ್ಷದ ಚೀಟಿಗಳ ಟೇಬಲ್ ಲಾಕ್ ಆಗುತ್ತಿತ್ತು.